ಮೂವತ್ತೊಂದು ಉಲ್ಲೇಖಗಳ ಪ್ರಬಂಧ

ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುವವ ಜನರನ್ನು ಗಮನಿಸಬೇಕು ಅಂತಾರೆ. ನಾನು ಗಮನಿಸಲು ಹೋದಲ್ಲೆಲ್ಲ ಜನ ನನ್ನನ್ನೇ ಗಮನಿಸಿ ನಕ್ಕು ಕಳಿಸುತ್ತಾರೆ. ಆದರೂ ಹೇಳುತ್ತೇನೆ, ನಮ್ಮ ಹಳ್ಳಿಯಲ್ಲಿ ಡಾಕ್ಟರೇಟ್ ಪಡೆದವ ನಾನೊಬ್ಬನೇ. ಹಗ್ಗ ಇಲ್ಲದೆ ಬಾವಿಗೆ ಇಳಿದವನೂ ನಾನೊಬ್ಬನೇ. ಹೆದರಿಕೆ ಎಂಬುದು ನಮ್ಮ ಕಡೆ ಬೆಳೆಯುವುದಿಲ್ಲ.

ಡಾಕ್ಟರೇಟ್ ಆದ ಮೇಲೆ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿ ಸೇರಿದೆ. ಪ್ರತಿ ವರ್ಷ ಮಳೆಗಾಲದ ಹೊತ್ತಿಗೆ ನನ್ನ ಕೆಲಸ ಉಂಟೋ ಇಲ್ಲವೋ ಎಂದು ಗೊತ್ತಾಗುವುದು. ಕಾಯಂ ಆಗಬೇಕಾದರೆ ಪ್ರಬಂಧ ಅಚ್ಚಾಗಬೇಕು, ಅಷ್ಟೇ ಅಲ್ಲ, ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಅದನ್ನು ಉಲ್ಲೇಖಿಸಬೇಕು. ನನಗೆ ಬೇಕಿದ್ದದ್ದು ಅದೊಂದೇ.

೧. ದಕ್ಕೆಯಲ್ಲಿ ಕೋಪದ ಅಳತೆ

ನನ್ನ ಮೊದಲ ಪ್ರಬಂಧದ ವಿಷಯ ಕೋಪ. ನಲವತ್ತು ಪ್ರಶ್ನೆಗಳ ಹಾಳೆ ಹಿಡಿದು, ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಬೆಳಗ್ಗೆಯೇ ಹೋದೆ. ಬಂಗುಡೆ ಬುಟ್ಟಿಯ ಎದುರು ಕೂತಿದ್ದ ಅಕ್ಕನೊಬ್ಬರನ್ನು ಕೇಳಿದೆ: "ಅಕ್ಕ, ಕಳೆದ ಒಂದು ತಿಂಗಳಲ್ಲಿ ನಿಮಗೆ ಎಷ್ಟು ಸಲ ಕೋಪ ಬಂದಿದೆ? ಇಲ್ಲವೇ ಇಲ್ಲ, ಅಪರೂಪ, ಆಗಾಗ, ಯಾವಾಗಲೂ?"

"ನೀನು ಬರುವವರೆಗೆ ಬರ್ಲಿಲ್ಲ."

ನಾನು ಬಿಡುವವನಲ್ಲ. 'ಅಪರೂಪ' ಎಂದು ಗುರುತು ಹಾಕಿ ಎರಡನೇ ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಪಕ್ಕದ ಬುಟ್ಟಿಗೆ ಹೋದರು. ಅಕ್ಕ ಆ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನು ಎಷ್ಟು ಉಂಟು?"

"ಮೂವತ್ತೆಂಟು."

"ಹಾಗಾದ್ರೆ ಆ ಮೊದಲಿನದ್ದನ್ನು ಅಳಿಸಿ 'ಯಾವಾಗಲೂ' ಅಂತ ಬರಿ ಮಾರಾಯ!"

೨. ಏಳು ಹೆಸರುಗಳು

ಆ ಪ್ರಬಂಧ ಅಚ್ಚಾಯಿತು. ನಮ್ಮಲ್ಲಿ ಒಂದು ಪದ್ಧತಿ ಉಂಟು. ಮಾರ್ಗದರ್ಶಕರ ಹೆಸರು ಮೊದಲು. ಮತ್ತೆ ವಿಭಾಗದ ಮುಖ್ಯಸ್ಥರು. ಮತ್ತೆ ಅವರ ಸ್ನೇಹಿತರು. ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದ ಮಹನೀಯರದ್ದೂ ಒಂದು. ಬಿಸಿಲಲ್ಲಿ ತಿರುಗಿದ ನನ್ನದು ಏಳನೆಯದು.

ಊರಿಗೆ ಹೋಗಿ ಅಮ್ಮನಿಗೆ ತೋರಿಸಿದೆ. ಹೆಸರುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗೆ ಬಂದರು.

"ಇದು ನಿನ್ನದೇ ಅಲ್ವಾ ಮಗ?"

"ಪೂರಾ ನನ್ನದೇ."

"ಮತ್ತೆ ಮದುವೆ ಕಾಗದದಲ್ಲಿ ಮದುಮಗನ ಹೆಸರನ್ನು ಬಂಧುಮಿತ್ರರ ಕೆಳಗೆ ಹಾಕಿದ್ದು ಎಂತಕ್ಕೆ?"

೩. ಕಾಕನ ಉಪಕಾರ

ಎರಡನೆಯದನ್ನು ಒಬ್ಬನೇ ಬರೆದೆ. ವಿಷಯ, ಗಲ್ಫಿನಿಂದ ಮರಳಿ ಬಂದವರ ಒಂಟಿತನ. ಬಿಕರ್ನಕಟ್ಟೆಯಲ್ಲಿ ನನಗೆ ರೂಮು ಕೊಟ್ಟ ಬ್ಯಾರಿ ಕಾಕನದ್ದು ಬಂದರಿನಲ್ಲಿ ಸಗಟು ಅಂಗಡಿ. ಗಲ್ಫಿನವರೆಲ್ಲ ಅಲ್ಲಿಗೆ ಬರುವವರೇ. "ಬಂದವರ ಕೈಯಲ್ಲಿ ತುಂಬಿಸಿಡಿ ಕಾಕ" ಎಂದು ನೂರು ಹಾಳೆ ಇಟ್ಟು ಬಂದೆ. ಜೊತೆಯವರು ತಿಂಗಳುಗಟ್ಟಲೆ ತಿರುಗಿ ಮಾಡುವ ಕೆಲಸ ನನಗೆ ಮೂರೇ ದಿನದಲ್ಲಿ ಮುಗಿಯಿತು. ನೂರು ಹಾಳೆಯಲ್ಲೂ ಪರಮ ಸಂತೋಷ! 'ಕರಾವಳಿಯವನಿಗೆ ಒಂಟಿತನ ಎಂದರೇನೆಂದೇ ಗೊತ್ತಿಲ್ಲ' ಎಂದು ಎದೆಯುಬ್ಬಿಸಿ ಬರೆದೆ. ದೂರದ ಒಂದು ಸಂಶೋಧನಾ ಪತ್ರಿಕೆ ಅಚ್ಚು ಹಾಕಿತು.

ಸಿಹಿತಿಂಡಿ ಹಿಡಿದು ಅಂಗಡಿಗೆ ಹೋದೆ.

"ನಿಮ್ಮ ಗಿರಾಕಿಗಳಿಗೆ ದೊಡ್ಡ ಥ್ಯಾಂಕ್ಸ್ ಹೇಳಿ ಕಾಕ."

"ಅವರಿಗೆ ಎಲ್ಲಿಯ ಪುರುಸೊತ್ತು? ನಾವು ಮನೆಯವರೇ ಊಟ ಆದ ಮೇಲೆ ಸಾಲಾಗಿ ಕೂತು ತುಂಬಿಸಿದ್ದು. ಹಳ್ಳಿಯಿಂದ ಬಂದವ, ಫೇಲ್ ಆಗ್ಬಾರ್ದು ಅಂತ ಎಲ್ಲದಕ್ಕೂ ಒಳ್ಳೆ ಉತ್ತರವೇ ಹಾಕಿದ್ದೇವೆ. ಮಾರ್ಕ್ ಎಷ್ಟು ಬಂತು?"

೪. ಸಂದರ್ಶನ

ಪತ್ರಿಕೆಯವರಿಗೆ ಅದೇ ದಿನ ನಿಜ ಬರೆದೆ. ತಪ್ಪು ಒಪ್ಪಿಕೊಳ್ಳಲು ಗಂಡೆದೆ ಬೇಕು, ನನಗೆ ಉಂಟು. ಅವರು ನನ್ನ ಪತ್ರವನ್ನೂ ಅಚ್ಚು ಹಾಕಿ ಪ್ರಬಂಧವನ್ನು ಹಿಂತೆಗೆದುಕೊಂಡರು.

ಆಮೇಲೆ ಶುರುವಾಯಿತು ನೋಡಿ! ಐದು ಉಲ್ಲೇಖ, ಹನ್ನೆರಡು, ಇಪ್ಪತ್ತು. ಬೆಳಗ್ಗೆ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಎಣಿಸುವುದೇ ನನ್ನ ಪೂಜೆ. ಯಾರು ಎಂತ ಬರೆದಿದ್ದಾರೆ ಎಂದು ಓದಲು ಹೋಗಲಿಲ್ಲ. ಹೊಗಳಿಕೆ ಓದಿ ತಲೆ ತಿರುಗಬಾರದಲ್ಲ. ಕಾಯಂ ಹುದ್ದೆಯ ಅರ್ಜಿಯಲ್ಲಿ 'ಮೂವತ್ತೊಂದು ಉಲ್ಲೇಖ' ಎಂದು ದಪ್ಪಕ್ಕೆ ಬರೆದೆ. 'ಹಿಂತೆಗೆದುಕೊಂಡದ್ದು' ಎಂದೂ ಬರೆದೆ, ಸ್ವಲ್ಪ ಸಣ್ಣಕ್ಕೆ.

ಸಂದರ್ಶನದಲ್ಲಿ ಮೂವರು ಹಿರಿಯರು. ನಡುವೆ ಕೂತ ಮೇಡಮ್ ಅಧ್ಯಕ್ಷರು. ಅವರು ಕನ್ನಡಕ ಏರಿಸಿ ಒಂದು ಉಲ್ಲೇಖವನ್ನು ಗಟ್ಟಿಯಾಗಿ ಓದಿದರು: "'ಮಾಹಿತಿಯನ್ನು ಹೇಗೆ ಸಂಗ್ರಹಿಸಬಾರದು ಎಂಬುದಕ್ಕೆ ಇದನ್ನು ನೋಡಿ.'"

"ಬೇರೆಯದು ಓದಿ ಮೇಡಮ್."

"'ಇಂಥ ತಪ್ಪು ನಮ್ಮಲ್ಲಿ ಆಗಿಲ್ಲ.'"

"ಮೂವತ್ತೊಂದೂ ಹೀಗೆಯೇ?"

"ಇಲ್ಲ. ಒಬ್ಬರು ಎರಡು ಸಲ ಬೈದಿದ್ದಾರೆ."

ಕೆಲಸ ಹೋಯಿತೆಂದು ಖಚಿತವಾಯಿತು. ಹೋಗುವುದು ಹೇಗೂ ಹೋಗುತ್ತದೆ, ತಲೆ ಎತ್ತಿಯೇ ಹೋಗುವ ಎಂದು ಎದ್ದು ನಿಂತೆ. "ಮೇಡಮ್, ಬೇರೆಯವರ ಪ್ರಬಂಧವನ್ನು ಅವರ ಹೆಂಡತಿಯೂ ಓದುವುದಿಲ್ಲ. ನನ್ನದನ್ನು ದೇಶವಿದೇಶದವರು ಓದಿದ್ದಾರೆ. ತಪ್ಪನ್ನು ಅವರು ಹುಡುಕಿದ್ದಲ್ಲ, ನಾನೇ ಹೇಳಿದ್ದು."

ಮೂವರೂ ಮುಖ ಮುಖ ನೋಡಿಕೊಂಡರು. ನನ್ನನ್ನು ಹೊರಗೆ ಕೂರಿಸಿದರು. ಅರ್ಧ ಗಂಟೆ ಬಿಟ್ಟು ಕರೆದು ಮೇಡಮ್ ಕೈಕುಲುಕಿದರು. "ಕೆಲಸ ನಿಮಗೇ. ಸೋಮವಾರದಿಂದ 'ಸಂಶೋಧನಾ ವಿಧಾನ' ಪಾಠ ಮಾಡಿ."

"ಅದೇ ಯಾಕೆ ಮೇಡಮ್?"

"ಮತ್ತೆಂತ ಮಾರಾಯ್ರೇ? ಪಠ್ಯಪುಸ್ತಕದ ಮೂರನೇ ಅಧ್ಯಾಯ ಪೂರ್ತಿ ನಿಮ್ಮ ಬಗ್ಗೆಯೇ ಉಂಟು!"