ಕೋಟೆ ಬಾಗಿಲ ಮುಂದೆ ಒಂದು ಫೋಟೋ

ಎಲ್ಲದಕ್ಕೂ ಮೂಲ ಷಡ್ಡಕನ ಫೋಟೋ. ಮಾವನ ಮನೆಯ ಹಾಲಿನಲ್ಲಿ, ಟಿವಿಯ ನೆತ್ತಿಯ ಮೇಲೆ, ಅದು ಕಟ್ಟು ಹಾಕಿಸಿಕೊಂಡು ಮೆರೆಯುತ್ತಿತ್ತು. ಹಳೆಯ ರಾಜಧಾನಿಯ ಕೋಟೆ ಬಾಗಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಷಡ್ಡಕ, ಕೋಟೆಯನ್ನು ಆಗಷ್ಟೇ ಗೆದ್ದು ಊಟಕ್ಕೆ ಹೊರಟವನ ಹಾಗಿದ್ದ. ಪಕ್ಕದಲ್ಲಿ ಇನ್ನೊಂದು ಮೊಳೆ. ಚಿಕ್ಕಳಿಯನಿಗೆಂದು ಮಾವ ಉದಾರವಾಗಿ ಹೊಡೆಸಿದ ಆ ಮೊಳೆಗೆ ಇಷ್ಟು ವರ್ಷವಾದರೂ ಒಂದು ಕ್ಯಾಲೆಂಡರಿನ ಭಾಗ್ಯವೂ ಇರಲಿಲ್ಲ.

ಚಿಕ್ಕಳಿಯನಿಗೆ ಕನ್ನಡಕದ ಅಂಗಡಿ. ಸ್ನೇಹಿತರು ಅವನನ್ನು ಕರೆಯುವುದೂ ಕನ್ನಡಕ ಎಂದೇ. ಅವನು ಸ್ವತಃ ಕನ್ನಡಕ ಹಾಕುವುದಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಿರಲಿಲ್ಲ. ಆಗಾಗ ಅವರ ಜೊತೆ ಊರು ಸುತ್ತಲು ಹೋಗಿ ರಾಶಿ ಫೋಟೋ ತರುತ್ತಿದ್ದ. ಒಂದರಲ್ಲೂ ತಾನಿರುತ್ತಿರಲಿಲ್ಲ. ಚೆನ್ನಾಗಿ ತೆಗೆಯುತ್ತಾನೆಂಬ ಒಂದೇ ಅಪರಾಧಕ್ಕೆ ಕ್ಯಾಮೆರಾ ಅವನ ಕೊರಳಿಗೆ ಬಿದ್ದಿತ್ತು.

ಶುಕ್ರವಾರ ರಾತ್ರಿ ಅದೇ ಹಳೆಯ ರಾಜಧಾನಿಗೆ ಹೊರಡುವಾಗ ಹೆಂಡತಿ ಹೊಸ್ತಿಲಲ್ಲೇ ತಡೆದಳು. "ಈ ಸಲ ಕೋಟೆ ಬಾಗಿಲ ಮುಂದೆ ನಿಮ್ದೊಂದು ಫೋಟೋ ಆಗ್ಲೇಬೇಕು. ಚಿಕ್ಕಳಿಯ ನಿಜವಾಗ್ಲೂ ಟೂರಿಗೇ ಹೋಗ್ತಾರಾ ಅಂತ ಅಪ್ಪ ಮೊನ್ನೆ ಅಮ್ಮನ್ನ ಕೇಳಿದ್ರಂತೆ."

"ನಿಂಗೂ ನಂಬಿಕೆ ಇಲ್ವಾ?"

"ನಂಗಿದೆ. ಮೊಳೆಗಿಲ್ಲ."

ಶನಿವಾರವೆಲ್ಲ ಸ್ನೇಹಿತರು ಐತಿಹಾಸಿಕ ನಗರದ ಲಾಡ್ಜಿನಲ್ಲಿ ಐತಿಹಾಸಿಕವಾಗಿ ನಿದ್ದೆ ಮಾಡಿದರು. ಕೋಟೆಯ ದರ್ಶನವಾದದ್ದು ಭಾನುವಾರ ಮಧ್ಯಾಹ್ನ. ಕನ್ನಡಕ ಮೊದಲು ಸ್ನೇಹಿತರಲ್ಲೊಬ್ಬರಾದ ಮೇಷ್ಟ್ರ ಕೈಗೆ ಕ್ಯಾಮೆರಾ ಕೊಟ್ಟು ಬಾಗಿಲ ಮುಂದೆ ನಿಂತ. ಮೇಷ್ಟ್ರು ಬಹಳ ಹೊತ್ತು ಗುರಿಯಿಟ್ಟು ತೆಗೆದರು. ಫೋಟೋದಲ್ಲಿ ಬಾಗಿಲಿತ್ತು, ಕಮಾನಿತ್ತು, ಕಮಾನಿನ ಮೇಲೆ ಎರಡು ಪಾರಿವಾಳಗಳಿದ್ದವು.

"ಇದರಲ್ಲಿ ನಾನೆಲ್ಲಿ ಮೇಷ್ಟ್ರೇ?"

"ಕೆತ್ತನೆಗೆ ಅಡ್ಡ ಬರ್ತಿದ್ದೆ, ಬಿಟ್ಬಿಟ್ಟೆ. ಇತಿಹಾಸ ಮುಖ್ಯ ಕಣಯ್ಯ."

ಆಮೇಲೆ ಬಟ್ಟೆ ಅಂಗಡಿಯ ದಪ್ಪಣ್ಣ ತೆಗೆದ. ಅದರಲ್ಲಿ ಅವನ ಹೆಬ್ಬೆರಳು ಸೂರ್ಯೋದಯದ ಹಾಗೆ ಸೊಗಸಾಗಿ ಮೂಡಿಬಂದಿತ್ತು. ಬ್ಯಾಂಕಿನವನಂತೂ ಕ್ಯಾಮೆರಾ ಬಿಟ್ಟು ತನ್ನ ಫೋನ್ ತಿರುಗಿಸಿ ತನ್ನದೇ ಮುಖ ತೆಗೆದುಕೊಂಡು, "ಬೆಳಕು ಚೆನ್ನಾಗಿದೆ ಇಲ್ಲಿ" ಎಂದು ಮೆಚ್ಚಿಕೊಂಡ.

ಸರಿ, ಯಾರಾದರೂ ಅಪರಿಚಿತರನ್ನೇ ಕೇಳೋಣವೆಂದು ಕನ್ನಡಕ ಸುತ್ತ ನೋಡುವಷ್ಟರಲ್ಲಿ ಒಬ್ಬ ಅಜ್ಜಿ ತಮ್ಮ ಫೋನು ಚಾಚಿ ಅವನ ತೋಳು ಹಿಡಿದರು. "ಮಗಾ, ನಂದೂ ಯಜಮಾನ್ರದೂ ಒಂದು ತೆಗೀತೀಯಾ?"

ತೆಗೆಯಬಹುದಿತ್ತು. ಆದರೆ ಅಜ್ಜಿಯ ಕನ್ನಡಕ ಒಂದು ಕಡೆಗೆ ವಾಲಿತ್ತು. ಸೊಟ್ಟ ಕನ್ನಡಕ ಕಂಡರೆ ಅವನಿಗೆ ಕೈ ಸುಮ್ಮನಿರದು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ತಿರುಪು ಬಿಗಿ ಮಾಡಿ, ಮೂಗಿನ ಮೇಲೆ ಕೂರಿಸಿ, ಅಂಗಡಿಯಲ್ಲಿ ಹೇಳುವಂತೆಯೇ ಹೇಳಿದ. "ಗದ್ದ ಸ್ವಲ್ಪ ಕೆಳಗೆ. ನನ್ನ ಕಿವಿ ನೋಡಿ. ಹಾಂ, ಅಲ್ಲಾಡ್ಬೇಡಿ." ಫೋಟೋ ನೋಡಿ ಅಜ್ಜಿ, ಮದುವೆಯಲ್ಲೂ ತಾನು ಇಷ್ಟು ಚೆನ್ನಾಗಿರಲಿಲ್ಲವೆಂದು ಘೋಷಿಸಿ, ಬೇಡವೆಂದರೂ ಒಂದು ಬಿಸ್ಕತ್ತು ಪೊಟ್ಟಣ ಅವನ ಜೇಬಿಗೆ ತುರುಕಿದರು.

ಅಜ್ಜಿಯದು ಮೆಲುದನಿಯಲ್ಲ. ಕ್ಷಣದಲ್ಲಿ ಜನ ಮುತ್ತಿಕೊಂಡರು. ಆಗ ಸ್ನೇಹಿತರಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. "ನುಗ್ಬೇಡಿ, ಒಬ್ಬೊಬ್ಬರಾಗಿ ಬನ್ನಿ" ಎಂದು ಬ್ಯಾಂಕಿನವನು ಅಭ್ಯಾಸಬಲದಿಂದ ಸಾಲು ಮಾಡಿಸಿದ. ಮೇಷ್ಟ್ರು ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಿದರು. ದಪ್ಪಣ್ಣ ಹೆಂಗಸರ ಸೀರೆಯ ಬಣ್ಣ ನೋಡಿ, ಯಾರು ಯಾವ ಗೋಡೆಗೆ ಒಪ್ಪುತ್ತಾರೆಂದು ಸಲಹೆ ಕೊಡತೊಡಗಿದ. ಬಿಸಿಲು ಇಳಿಯುತ್ತಿತ್ತು, ಬಾಗಿಲು ಮುಚ್ಚುವ ಹೊತ್ತಾಗುತ್ತಿತ್ತು, ಸಾಲು ಮಾತ್ರ ಬೆಳೆಯುತ್ತಿತ್ತು. ಕನ್ನಡಕನಿಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಸೀಟಿ ಕೇಳಿಸಿತು. ಕಾವಲುಗಾರ ಅವನ ರಟ್ಟೆ ಹಿಡಿದು ಕಚೇರಿಗೆ ಕರೆದೊಯ್ದ.

"ಕೋಟೆ ಒಳಗೆ ಪರವಾನಗಿ ಇಲ್ದೆ ಫೋಟೋ ವ್ಯಾಪಾರ ಮಾಡೋ ಹಾಗಿಲ್ಲ" ಎಂದರು ಅಧಿಕಾರಿ.

"ನಾನು ಸುಮ್ನೆ ತೆಗೆದೆ ಸಾರ್. ದುಡ್ಡು ಮುಟ್ಟಿಲ್ಲ."

ಅಧಿಕಾರಿ ಅವನ ಜೇಬಿನಿಂದ ಇಣುಕುತ್ತಿದ್ದ ಪೊಟ್ಟಣವನ್ನೇ ನೋಡಿದರು. "ಬಿಸ್ಕತ್ತಿಗೆ ತೆಗೀತೀರೇನೋ. ಸಾಲಿತ್ತು, ಸಲಕರಣೆ ಇತ್ತು, ಮೂರು ಜನ ಆಳುಗಳಿದ್ರು."

"ಆಳುಗಳಲ್ಲ ಸಾರ್, ಸ್ನೇಹಿತರು."

ಸ್ನೇಹಿತರು ಅವನನ್ನು ಕಾಪಾಡಲು ಧಾವಿಸಿಯೇ ಬಂದಿದ್ದರು. "ಇವನು ಅಂಥವನಲ್ಲ ಸಾರ್" ಎಂದ ದಪ್ಪಣ್ಣ. "ನಿನ್ನೆ ಮೊನ್ನೆ ಶುರು ಮಾಡಿದವನೂ ಅಲ್ಲ. ಎಷ್ಟು ವರ್ಷದಿಂದ ಊರೂರು ಸುತ್ತಿ ಇದೇ ಕೆಲಸ ಮಾಡ್ತಿದಾನೆ."

ಅಧಿಕಾರಿಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ. ಮೊದಲ ತಪ್ಪಾದ್ದರಿಂದ ದಂಡವಿಲ್ಲ; ನಿಯಮದ ಪ್ರಕಾರ ತಪ್ಪಿತಸ್ಥನದೊಂದು ಫೋಟೋ ತೆಗೆದುಕೊಂಡು ಬಿಟ್ಟುಬಿಡುವುದು ಎಂದು ತೀರ್ಪಾಯಿತು.

ಕಾವಲುಗಾರ ಅವನನ್ನು ಕೋಟೆ ಬಾಗಿಲ ಮುಂದೆಯೇ ನಿಲ್ಲಿಸಿದ. "ಇನ್ನೂ ಎರಡು ಹೆಜ್ಜೆ ಹಿಂದೆ. ಬಾಗಿಲು ಪೂರ್ತಿ ಕಾಣ್ಬೇಕು, ಎಲ್ಲಿ ಸಿಕ್ಕಿಬಿದ್ರಿ ಅಂತ ಗೊತ್ತಾಗ್ಬೇಕಲ್ಲ." ಸಂಜೆಯ ಹೊನ್ನಿನಂಥ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಕನ್ನಡಕನ ಕೈ ಅವನಿಗೇ ಅರಿವಿಲ್ಲದೆ ಸೊಂಟಕ್ಕೆ ಹೋಯಿತು. ಗದ್ದ ತಾನಾಗಿ ಸ್ವಲ್ಪ ಕೆಳಗಿಳಿಯಿತು.

ಫೋಟೋ ಅದ್ಭುತವಾಗಿ ಬಂತು. ಷಡ್ಡಕನದು ಇದರ ಮುಂದೆ ಗುರುತಿನ ಚೀಟಿಗೆ ಅಂಟಿಸುವ ಫೋಟೋದಂತಿತ್ತು. ಕನ್ನಡಕನ ಎದೆ ಉಬ್ಬಿತು. "ಸಾರ್, ನಂಗೊಂದು ಪ್ರತಿ ಸಿಗುತ್ತಾ?"

"ಕಚೇರಿ ದಾಖಲೆ ರೀ. ಕೊಡೋಕಾಗಲ್ಲ" ಎಂದ ಕಾವಲುಗಾರ, ಅದನ್ನು ದೊಡ್ಡದಾಗಿ ಮುದ್ರಿಸಿ, ಟಿಕೆಟ್ ಕಿಟಕಿಯ ಪಕ್ಕದ ಗಾಜಿನ ಫಲಕದೊಳಗೆ ಅಂಟಿಸಿ ಬೀಗ ಹಾಕಿದ. ಮೇಲೆ ಕೆಂಪಕ್ಷರದಲ್ಲಿ 'ಇಂಥವರ ಬಗ್ಗೆ ಎಚ್ಚರವಿರಲಿ' ಎಂದಿತ್ತು.

ಅದೇ ಹೊತ್ತಿಗೆ ತವರಿಗೆ ಹೋಗಿದ್ದ ಹೆಂಡತಿಯ ಫೋನು. "ಏನ್ರೀ, ಫೋಟೋ ಆಯ್ತಾ?"

"ಆಯ್ತು. ತುಂಬಾ ಚೆನ್ನಾಗಿ ಬಂದಿದೆ."

"ಹಾಗಾದ್ರೆ ಕಳ್ಸಿ."

ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಪೂರ್ತಿ ನಿಜ ಹೇಳಲು ಧೈರ್ಯವೂ ಇರಲಿಲ್ಲ. "ಕಳ್ಸೋಕಾಗಲ್ಲ ಕಣೇ. ಕೋಟೆಯವರೇ ಇಟ್ಕೊಂಡ್ರು. ದೊಡ್ಡದು ಮಾಡಿ, ಗಾಜು ಹಾಕಿ, ಬಾಗಿಲ ಹತ್ರ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದಾರೆ."

ಆ ಕಡೆ ಅವಳ ದನಿ ಏರಿತು. "ಭಾವಂದು ಬರೀ ನಮ್ಮ ಹಾಲಲ್ಲಿದೆ. ನಿಮ್ದು ಕೋಟೇಲೇ ಇದ್ಯಾ? ಅಪ್ಪಾ, ಇಲ್ಲಿ ಬಾ, ಕೇಳಿಲ್ಲಿ..." ಫೋನಿನಾಚೆ ಗಲಾಟೆಯೋ ಗಲಾಟೆ. ಮತ್ತೆ ಅವಳೇ ಬಂದಳು. "ಮುಂದಿನ ಭಾನುವಾರ ಎಲ್ಲರೂ ಅಲ್ಲಿಗೇ ಬರೋಣ ಅಂತಿದಾರೆ ಅಪ್ಪ. ಅಕ್ಕ, ಭಾವ, ಎಲ್ಲರೂ. ಅದರ ಮುಂದೆ ನಮ್ಮೆಲ್ಲರದೂ ಒಂದು ಫೋಟೋ ಬೇಕಂತೆ."

ಅವನು ಫೋನನ್ನು ಕಿವಿಗೇ ಹಿಡಿದು ನಿಂತ. ಫಲಕದ ಪಕ್ಕ ಮೇಷ್ಟ್ರು, ದಪ್ಪಣ್ಣ, ಬ್ಯಾಂಕಿನವನು ಆಗಲೇ ಹೆಗಲಿಗೆ ಹೆಗಲು ತಾಗಿಸಿ, ಹಲ್ಲು ಬಿಟ್ಟು ಕಾಯುತ್ತಿದ್ದರು.

"ಬೇಗ ತೆಗಿಯೋ, ಗೇಟ್ ಮುಚ್ತಾರೆ" ಎಂದ ದಪ್ಪಣ್ಣ.

"ನೀವೇ ತೆಗೀಬೇಕಂತೆ" ಎನ್ನುತ್ತಿದ್ದಳು ಫೋನಿನಲ್ಲಿ ಹೆಂಡತಿ.