ಹವಾ ಬದಲಾಗ್ಯದ

ಕವಿತೆ ಬರೆಯುವ ಮಾಸ್ತರನಿಗೆ ನಮ್ಮ ಕಡೆ ಫಜೀತಿಗೇನೂ ಬರವಿಲ್ಲ. ಅವನು ಬಿಸಿಲಿನ ಮೇಲೆ ಬರೆದರಂತೂ ಫಜೀತಿಯೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಹಾಬಾದದ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬಿಸಿಲು ವರ್ಷವರ್ಷಕ್ಕೂ ಏರುತ್ತಿದೆ, ಮಳೆ ತಿಂಗಳು ತಪ್ಪುತ್ತಿದೆ, ಗಿಡಮರ ಕಡಿಮೆಯಾಗುತ್ತಿವೆ, ಇದನ್ನು ಒಬ್ಬರಾದರೂ ಗಮನಿಸಲಿ ಎಂದು ‘ಹವಾ ಬದಲಾಗ್ಯದ’ ಎಂಬ ಕವಿತೆ ಬರೆದೆ. ಕವಿತೆ ಓದಿ ಜನ ಎಚ್ಚರಾಗುತ್ತಾರೆ ಎಂದು ನಂಬುವ ವಯಸ್ಸು.

೧. ಬಲಗಡೆಯ ಖಾಲಿ ಜಾಗ

ಮೊದಲು ತೋರಿಸಿದ್ದು ಹೆಡ್‌ಮಾಸ್ತರರಿಗೆ. ಅವರು ಗಣಿತದವರು.

“ಇದು ಕವಿತಾ ಅಂತ ಹೆಂಗ ಗೊತ್ತಾಗಬೇಕ್ರಿ?” ಎಂದರು.

ನಾನು ಲಯ, ಭಾವ, ಧ್ವನಿ ಎಂದು ಕಾಲು ಗಂಟೆ ಕೊರೆದೆ. ಅವರು ಹಾಳೆ ತಿರುಗಿಸಿ ನೋಡಿದರು.

“ಅದೆಲ್ಲಾ ಇರ್ಲಿ. ಸಾಲು ಅರ್ಧಕ್ಕ ನಿಂತಾವ, ಬಲಗಡಿ ಜಾಗಾ ಖಾಲಿ ಅದ, ಅಂದ್ರ ಕವಿತಾ. ಗಿಡಾ ಉಳಸ್ರಿ ಅಂತ ಬರದು ಅರ್ಧ ಕಾಗದ ಹಾಳ ಮಾಡೀರಲ್ರಿ!”

೨. ಸಂಡಿಗೆ

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿದಳು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು.

“ಹವಾ ಬದಲಾಗ್ಯದ ಅಂತೀರಿ. ಹಂಗಿದ್ರ ಇವತ್ತು ಮಾಳಗಿ ಮ್ಯಾಲ ಸಂಡಿಗಿ ಹಾಕ್ಲೋ, ಬ್ಯಾಡೋ?”

“ಕವಿತಾದಾಗ ಅದೆಲ್ಲಾ ಬರೂದಿಲ್ಲ.”

“ಅಷ್ಟೂ ಹೇಳ್ಲಿಕ್ಕೆ ಬರಲಿಲ್ಲಂದ್ರ ಎಂಥಾ ಕವಿತಾ? ರೇಡಿಯೋದವರೇ ವಾಸಿ. ಸುಳ್ಳಾದ್ರೂ ಹೇಳ್ತಾರ!”

೩. ಚಂದಾಪುರದ ಕವಿಗೋಷ್ಠಿ

ಕೊನೆಗೆ ಚಂದಾಪುರದ ಕವಿಗೋಷ್ಠಿಗೆ ಕರೆ ಬಂತು. ಸುಡು ಬೇಸಿಗೆ, ಎದುರಿಗೆ ಚುನಾವಣೆ. ಅಧ್ಯಕ್ಷತೆಗೆ ಅಧಿಕಾರದಲ್ಲಿದ್ದ ಪಕ್ಷದ ಊರ ಮುಖಂಡರು. ಚುನಾವಣೆ ಹೊತ್ತಿಗೆ ನಮ್ಮಲ್ಲಿ ‘ಹವಾ’ ಎಂದರೆ ಯಾರು ಗೆಲ್ಲುತ್ತಾರೆ ಎಂಬುದೊಂದೇ ಅರ್ಥ. ಇದು ಕನ್ನಡ ಮಾಸ್ತರನಾದ ನನ್ನೊಬ್ಬನಿಗೇ ಹೊಳೆಯಲಿಲ್ಲ.

“ಹವಾ ಬದಲಾಗ್ಯದ!” ಎಂದು ಎತ್ತಿದ ದನಿಯಲ್ಲಿ ಶುರು ಮಾಡಿದೆ. ಹಿಂದಿನ ಸಾಲಿನಿಂದ ಸೀಟಿ ಬಿತ್ತು. “ಖರೇ ಹೇಳಿದ್ರಿ ಸರ್! ಈ ಸಲ ಇವರದು ಮುಗೀತು!” ಎಂದು ವಿರೋಧಿ ಗುಂಪಿನವರು ಎದ್ದು ನಿಂತರು. ಒಬ್ಬ ನನ್ನ ಕೊರಳಿಗೆ ಹಾರವನ್ನೂ ಹಾಕಿದ.

ಮುಖಂಡರು ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು: “ಸರಕಾರಿ ನೌಕರಿ ಅಲ್ಲೇನ್ರಿ ನಿಮ್ದು?”

ನಾನು ಕೈ ಮುಗಿದು, “ಬಿಸಿಲಿಂದು ಹವಾ ರಿ! ಮಳಿ ಹವಾ ರಿ, ಸಾಹೇಬ್ರ!” ಎಂದೆ.

“ಯಾವುದೇ ಇರ್ಲಿ. ಬದಲಾಗಿಲ್ಲ ಅಂತ ಓದ್ರಿ.”

ನಾಚಿಕೆಯಿಂದ ನನಗೆ ಸಾಯುವಂತಾಯಿತು. ಆದರೆ ಇಬ್ಬರು ಮಕ್ಕಳ ತಂದೆ ನಾಚಿಕೆಯಿಂದ ಸಾಯುವುದಿಲ್ಲ. ನಿಂತಲ್ಲೇ ತಿದ್ದಿ ಓದಿದೆ: “ಹವಾ ಬದಲಾಗಿಲ್ಲ, ಎಲ್ಲಾ ಮೊದಲಿನಂಗೇ ಅದ.”

ಮುಖಂಡರು ಎದ್ದು, ಆ ಸೆಖೆಯಲ್ಲೇ ನನಗೆ ಉಣ್ಣೆಯ ಶಾಲು ಹೊದಿಸಿ, ಮೈಕು ಹಿಡಿದರು. ಅವರ ಜುಬ್ಬ ಬೆವರಿಗೆ ಮೈಗಂಟಿತ್ತು.

“ಇದಕ್ಕ ಅಂತಾರ ನೋಡ್ರಿ ಕವಿತಾ! ಏನೂ ಬದಲಾಗಿಲ್ಲ, ಎಲ್ಲಾ ಮೊದಲಿನಂಗೇ ಅದ!” ಎಂದವರೇ ಮುಖ ಒರೆಸಿಕೊಂಡು ಅದೇ ಮೈಕಿನಲ್ಲಿ ಕೂಗಿದರು: “ಏ, ಫ್ಯಾನ್ ಜೋರ್ ಮಾಡ್ರೋ, ಜೀವಾ ಹೋಗ್ಲಿಕತ್ತದ! ಹವಾನೇ ಬರವಲ್ದು!”