ಅನುಮತಿಯಿಲ್ಲದೆ ಕೆಟ್ಟ ಬಲಗಡೆಯ ಎಂಜಿನ್

ಎಂಜಿನ್ ಕೆಡುವುದಿದ್ದರೆ ಪೂರ್ವಾನುಮತಿ ಪಡೆದೇ ಕೆಡತಕ್ಕದ್ದು ಎಂಬುದು ಆ ಪುಟ್ಟ ವಿಮಾನ ಸಂಸ್ಥೆಯ ಸುರಕ್ಷತಾ ನಿಯಮ. ತರಬೇತಿ ಹಾರಾಟದಲ್ಲಿ ಪರೀಕ್ಷಕರು ಎರಡು ಎಂಜಿನ್‌ಗಳಲ್ಲಿ ಒಂದರ ಹಿಡಿಕೆಯನ್ನು ಹಿಂದಕ್ಕೆಳೆದು, ಅದರ ಬಲ ತಗ್ಗಿಸಿ, ‘ಇದು ಕೆಟ್ಟಿತು’ ಎನ್ನುತ್ತಾರೆ. ಕಲಿಯುವವರು ಇನ್ನೊಂದನ್ನೇ ನಂಬಿ ಇಳಿಸಬೇಕು. ಅಂದು ಕೆಡಲು ಮಂಜೂರಾಗಿದ್ದದ್ದು ಎಡಗಡೆಯದು.

ಪರೀಕ್ಷೆಗೆ ಕೂತ ಹುಡುಗಿ ಅದೇ ಸಂಸ್ಥೆಯ ಟಿಕೆಟ್ ಕೌಂಟರಿನಲ್ಲಿ ವರ್ಷಗಟ್ಟಲೆ ಜನರ ಬೈಗುಳ ತಿಂದು, ಹೊಟ್ಟೆ ಬಟ್ಟೆ ಕಟ್ಟಿ ಹಾರಾಟ ಕಲಿತವಳು. ನಪಾಸಾದರೆ ಮತ್ತೆ ಕೌಂಟರೇ ಗತಿ. ನೆಲ ಬಿಟ್ಟ ತುಸು ಹೊತ್ತಿಗೆ ಬಲಗಡೆಯ ಎಂಜಿನ್ ಕೆಮ್ಮಿ, ನಿಜವಾಗಿಯೇ ನಿಂತಿತು.

“ಸರ್, ಬಲಗಡೆದು ಹೋಯ್ತು.”

ಪರೀಕ್ಷಕರು ಮಂಜೂರಾತಿ ಪತ್ರ ನೋಡಿದರು. “ಬಲಗಡೆದು ಇವತ್ತು ಇಲ್ಲಮ್ಮ. ಓಡ್ತಿದೆ ಅಂತ ತಿಳ್ಕೋ,” ಎಂದು ಎಡಗಡೆಯ ಹಿಡಿಕೆಗೆ ಕೈ ಹಾಕಿದರು.

ಅವಳು ದೊಡ್ಡವರು ಚಿಕ್ಕವರು ನೋಡದೆ ಆ ಕೈಗೊಂದು ಏಟು ಕೊಟ್ಟು, ಉಳಿದ ಎಂಜಿನ್‌ನಲ್ಲೇ ವಿಮಾನವನ್ನು ಹೂವೆತ್ತಿಟ್ಟ ಹಾಗೆ ಇಳಿಸಿದಳು. ಇಳಿದ ಮೇಲೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಪರೀಕ್ಷಕರ ಜೀವವೂ ಬಾಯಿಗೆ ಬಂದಿತ್ತು, ಆದರೂ ಫಲಿತಾಂಶದ ಹಾಳೆಗೆ ಅಲ್ಲೇ ಸಹಿ ಹಾಕಿದರು. ಮಂಜೂರಾದ ಎಂಜಿನ್ ಕೆಡಿಸಲು ಅಡ್ಡಿಪಡಿಸಿದ್ದಕ್ಕೆ ಅವಳು ನಪಾಸು. ಬಲಗಡೆಯ ಎಂಜಿನ್ನಿಗೆ ಕಾರಣ ಕೇಳಿ ನೋಟೀಸು.

ಅದು ಉತ್ತರ ಕೊಡುವತನಕ ಯಾರೂ ಅದನ್ನು ಬಿಚ್ಚಕೂಡದೆಂದು ಆದೇಶವಾಯಿತು.

“ಎಂಜಿನ್ ಉತ್ತರ ಯಾವಾಗ ಕೊಡುತ್ತೆ ಸರ್?” ಎಂದ ಮೆಕ್ಯಾನಿಕ್ಕು.

“ಗಡುವು ಕೊಟ್ಟಿದ್ದೀವಲ್ಲಪ್ಪ, ಆತುರ ಯಾಕೆ?” ಎಂದರು ಸುರಕ್ಷತಾ ಅಧಿಕಾರಿ.

ತರಬೇತಿಗಿದ್ದದ್ದು ಅದೊಂದೇ ವಿಮಾನ. ಹಾಗಾಗಿ ಮರುಪರೀಕ್ಷೆ ಅದು ನಿಂತಿದ್ದ ಶೆಡ್ಡಿನೊಳಗೇ ನಡೆಯಿತು. ಪರೀಕ್ಷಕರು ಎಡಗಡೆಯ ಹಿಡಿಕೆ ಎಳೆದರು. ವಿಮಾನ ವಾಲಲಿಲ್ಲ, ಎತ್ತರ ಕಳೆದುಕೊಳ್ಳಲಿಲ್ಲ, ಎಳ್ಳಷ್ಟೂ ಕುಲುಕಲಿಲ್ಲ. ಸಂಸ್ಥೆಯ ಇತಿಹಾಸದಲ್ಲೇ ಇಷ್ಟು ಸುರಕ್ಷಿತ ಹಾರಾಟ ನಡೆದಿಲ್ಲವೆಂದು ಅಧಿಕಾರಿ ಕೊಂಡಾಡಿ, ಇನ್ನು ಮುಂದೆ ಸಕಲ ವೈಮಾನಿಕ ಪರೀಕ್ಷೆಗಳನ್ನೂ ಶೆಡ್ಡಿನಲ್ಲೇ ನಡೆಸತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು. ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸು.

ಪೈಲಟ್ ಕೆಲಸಕ್ಕೆ ಸೇರಿದ ದಿನ ಅವಳು ಪರೀಕ್ಷಕರನ್ನು ಕೇಳಿದಳು, “ಸರ್, ಮೇಲೆ ಹೋದಾಗ ಅವತ್ತಿನ ಹಾಗೆ ನಿಜವಾಗ್ಲೂ ಕೆಟ್ರೆ? ಇನ್ನೊಂದ್ಸಲ ಆಕಾಶದಲ್ಲೂ ಅಭ್ಯಾಸ ಮಾಡಿಸಬಹುದಿತ್ತಲ್ವಾ?”

“ಆಕಾಶದಲ್ಲಾ? ಬಿದ್ರೆ ಯಾರಮ್ಮ ಹೊಣೆ?”

ಇದು ಶುದ್ಧ ಹುಚ್ಚೆಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಕೌಂಟರೆಂದೂ ಗೊತ್ತಿತ್ತು. ಹೊರಗೆ ನಿಂತ ವಿಮಾನದಲ್ಲಿ ಪ್ರಯಾಣಿಕರು ಬೆಲ್ಟ್ ಬಿಗಿದುಕೊಂಡು ಕೂತಿದ್ದರು.

“ಅದೂ ನಿಜ ಸರ್,” ಎಂದು ಟೋಪಿ ಸರಿಮಾಡಿಕೊಂಡು ವಿಮಾನ ಹತ್ತಿದಳು.